‘ಡಿಸೈರ್’ ಎಂಬ ಪದದೊಳಗಿನ ಹಂಬಲ

ಆಸೆಯೇ ದುಃಖಕ್ಕೆ ಮೂಲ ಎಂಬ ಮಾತನ್ನು ಕೇಳದೆ ಬೆಳೆದ ಕನ್ನಡಿಗನಿಲ್ಲ. ಶಾಲೆಯ ಗೋಡೆಗಳ ಮೇಲೂ ಕ್ಯಾಲೆಂಡರಿನ ಹಾಳೆಗಳ ಮೇಲೂ ಕಾಣಸಿಗುವ ಈ ನಾಣ್ಣುಡಿ ನಮ್ಮ ಕ್ರೈಸ್ತ ಮನೆಗಳನ್ನೂ ಪ್ರವೇಶಿಸಿದೆ. ಧರ್ಮೋಪದೇಶದ ತರಗತಿಯಲ್ಲಿ ಬಾಯಿಪಾಠ ಮಾಡಿದ ಒಂಬತ್ತನೆಯ ಹಾಗೂ ಹತ್ತನೆಯ ಕಟ್ಟಳೆಗಳೂ ಅದರೊಂದಿಗೆ ಸೇರಿಕೊಂಡು, ಬಯಸುವುದೇ ಒಂದು ದೋಷ, ಏನನ್ನೂ ಬಯಸದವನೇ ಉತ್ತಮ ಕ್ರೈಸ್ತ ಎಂಬ ಭಾವನೆ ನಮ್ಮಲ್ಲಿ ಅನೇಕರ ಮನಸ್ಸಿನಲ್ಲಿ ಬೇರೂರಿದೆ. ಈ ಭಾವನೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಪರಿಶೀಲಿಸುವ ಸಲುವಾಗಿ ಒಂದು ಪದದ ಚರಿತ್ರೆಯನ್ನು ಇಂದು ಓದುಗರ ಮುಂದಿಡುತ್ತಿದ್ದೇನೆ. ಅದು ಇಂಗ್ಲಿಷಿನ ‘ಡಿಸೈರ್’ ಎಂಬ ಪದ.

‘ಡಿಸೈರ್’ ಎಂದರೆ ಆಸೆ ಅಥವಾ ಬಲವಾದ ಇಚ್ಛೆ ಎಂದು ಬರೆದು ನಮ್ಮ ಮಕ್ಕಳು ಅಂಕ ಗಳಿಸುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಈ ಪದವು ಇಂಗ್ಲಿಷಿಗೆ 13ನೆಯ ಶತಮಾನದಲ್ಲಿ ಹಳೆಯ ಫ್ರೆಂಚ್ ಭಾಷೆಯಿಂದ ಬಂತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ತರುವಾಯ ಅಲ್ಲಿನ ಅರಮನೆಯಲ್ಲೂ ನ್ಯಾಯಾಲಯಗಳಲ್ಲೂ ಫ್ರೆಂಚ್ ನೆಲೆಸಿ, ಇಂತಹ ಸಾವಿರಾರು ಪದಗಳು ಜನರ ಮಾತಿನೊಳಗೆ ಇಳಿದವು. ಫ್ರೆಂಚಿಗೆ ಅದು ಲ್ಯಾಟಿನ್ನಿನ ಬಳುವಳಿ. ಲ್ಯಾಟಿನ್ನಿನಲ್ಲಿ ಕ್ರಿಯಾಪದ ‘ದೆಸಿದೆರಾರೆ’, ನಾಮಪದ ‘ದೆಸಿದೇರಿಯುಮ್’. ಇದನ್ನು ಬಿಡಿಸಿ ನೋಡಿದರೆ ಎರಡು ಅಂಶಗಳು ದೊರೆಯುತ್ತವೆ. ‘ದೆ’ ಎಂದರೆ ಒಂದರಿಂದ ದೂರವಾಗಿ; ‘ಸೀದುಸ್’ ಎಂದರೆ ನಕ್ಷತ್ರ ಅಥವಾ ನಕ್ಷತ್ರಪುಂಜ. ನಾವು ದಿನನಿತ್ಯ ಬಳಸುವ ‘ಕನ್ಸಿಡರ್’ ಎಂಬ ಪದವೂ ಇದೇ ಬುಡದ ಇನ್ನೊಂದು ಕೊಂಬೆ. ನಕ್ಷತ್ರಗಳನ್ನು ನೆಟ್ಟ ದೃಷ್ಟಿಯಿಂದ ನೋಡುವುದು ‘ಕೊನ್ಸಿದೆರಾರೆ’; ಆ ನಕ್ಷತ್ರಗಳು ಕಣ್ಣಿಗೆ ಸಿಗದೆ ಹೋದಾಗ ಉಂಟಾಗುವುದು ‘ದೆಸಿದೆರಾರೆ’.

ಇದು ಈಚಿನವರು ಹೊಸೆದ ಕತೆಯಲ್ಲ. ರೋಮಿನ ಫೆಸ್ತುಸ್ ಎಂಬ ವಿದ್ವಾಂಸನ ನಿಘಂಟನ್ನು 8ನೆಯ ಶತಮಾನದಲ್ಲಿ ಸಂಗ್ರಹಿಸಿಕೊಟ್ಟ ಪೌಲುಸ್ ದಿಯಾಕೊನುಸ್ ಎಂಬ ಬೆನೆಡಿಕ್ಟಿನ್ ಸನ್ಯಾಸಿಯ ಗ್ರಂಥದಲ್ಲಿ, ಈ ಎರಡೂ ಪದಗಳು ನಕ್ಷತ್ರಗಳಿಂದಲೇ ಹುಟ್ಟಿದವೆಂಬುದು ನಿಶ್ಚಿತ ಎಂದು ಹೇಳಲಾಗಿದೆ. ನಕ್ಷತ್ರ ಇಲ್ಲಿಗೆ ಹೇಗೆ ಬಂತು ಎಂಬ ಬಗ್ಗೆ ಮಾತ್ರ ಪಂಡಿತರಲ್ಲಿ ಒಮ್ಮತವಿಲ್ಲ. ಮೋಡ ಕವಿದ ರಾತ್ರಿಯಲ್ಲಿ ದಿಕ್ಕು ತಿಳಿಯದೆ ಆಕಾಶವನ್ನು ಹುಡುಕುವ ನಾವಿಕನ ಪಾಡು ಅದು ಎನ್ನುವವರಿದ್ದಾರೆ. ನಕ್ಷತ್ರಗಳಲ್ಲಿ ಶಕುನ ನೋಡುತ್ತಿದ್ದ ರೋಮನ್ ಕಣಿಗಾರರ ಪರಿಭಾಷೆ ಎನ್ನುವವರೂ ಇದ್ದಾರೆ. ನನಗೆ ನಾವಿಕನೇ ಹೆಚ್ಚು ಹಿಡಿಸುತ್ತಾನೆ. ಆದರೆ ಪದದ ನಿಜವಾದ ಅರ್ಥ ಅದರ ಹುಟ್ಟಿನಿಂದಲ್ಲ, ಬಳಕೆಯಿಂದ ತಿಳಿಯುತ್ತದೆ. ರೋಮನ್ನರ ಬಳಕೆ ಇಲ್ಲಿ ಅತ್ಯಂತ ಸ್ಪಷ್ಟವಾಗಿದೆ.

ಕ್ರಿಸ್ತಪೂರ್ವ 52ರಲ್ಲಿ ಯೂಲಿಯಸ್ ಸೀಸರನು ಗಾಲ್ ದೇಶದ ಗೆರ್ಗೋವಿಯ ಎಂಬ ಗುಡ್ಡದ ಕೋಟೆಯ ಮೇಲೆ ದಾಳಿ ಮಾಡಿ ಸೋತನು. ತನ್ನ ಯುದ್ಧವೃತ್ತಾಂತದ ಏಳನೆಯ ಪುಸ್ತಕದಲ್ಲಿ ಆ ದಿನದ ನಷ್ಟವನ್ನು ಅವನೇ ದಾಖಲಿಸಿದ್ದಾನೆ: 46 ಮಂದಿ ಶತಾಧಿಪತಿಗಳು, ಏಳುನೂರಕ್ಕೆ ಸ್ವಲ್ಪ ಕಡಿಮೆ ಸೈನಿಕರು. ಆ ಸೈನಿಕರ ಬಗ್ಗೆ ಬರೆಯುವಾಗ ಸೀಸರನು ‘ಸತ್ತರು’ ಎನ್ನುವುದಿಲ್ಲ, ‘ದೆಸಿದೆರಾತಿ’ ಎನ್ನುತ್ತಾನೆ. ಸಂಜೆ ಪಾಳೆಯದಲ್ಲಿ ಎಣಿಕೆ ನಡೆದಾಗ ಸಾಲಿನಲ್ಲಿ ಇಲ್ಲದವರು, ಕರೆದರೆ ಓಗೊಡದವರು ಎಂದು ಅದರ ಭಾವ. ಅಕ್ಷರಶಃ ಇಂಗ್ಲಿಷಿಗೆ ತಂದರೆ ‘ಡಿಸೈರ್ಡ್’ ಎಂದಾಗುತ್ತದೆ! ಬಲವಾದ ಆಸೆ ಎಂದು ನಾವು ಕಲಿತ ಪದ ತನ್ನ ತವರಿನಲ್ಲಿ ಒಂದು ಖಾಲಿ ಸ್ಥಳದ ಹೆಸರಾಗಿತ್ತು.

ಸಿಸೆರೊ ಕ್ರಿಸ್ತಪೂರ್ವ 45ರಲ್ಲಿ ರಚಿಸಿದ ‘ತುಸ್ಕುಲಾನದ ಸಂವಾದಗಳು’ ಎಂಬ ತತ್ತ್ವಗ್ರಂಥದಲ್ಲಿ ದೆಸಿದೇರಿಯುಮ್ ಎಂಬುದನ್ನು ಇನ್ನೂ ಎದುರಿಗೆ ಬಾರದ ವ್ಯಕ್ತಿಯನ್ನು ನೋಡಬೇಕೆಂಬ ತವಕ ಎಂದು ವಿವರಿಸುತ್ತಾನೆ. ಸ್ತೋಯಿಕರ ಮತವನ್ನು ನಿರೂಪಿಸುತ್ತಾ ಅವನು ಇದನ್ನು ಕೋಪ, ದ್ವೇಷ ಮುಂತಾದ ಮನೋರೋಗಗಳ ಪಟ್ಟಿಯಲ್ಲಿ ಸೇರಿಸಿಬಿಟ್ಟಿದ್ದಾನೆ ಎಂಬುದು ಬೇರೆ ಮಾತು. ಕವಿ ಹೊರೇಸನು ತನ್ನ ಮಿತ್ರ ಕ್ವಿಂತಿಲಿಯುಸ್ ತೀರಿಕೊಂಡಾಗ ವರ್ಜಿಲನನ್ನು ಸಂತೈಸಲು ಬರೆದ ಗೀತೆಯ ಮೊದಲ ಸಾಲಿನಲ್ಲೇ ಈ ಪದವನ್ನು ಇಟ್ಟಿದ್ದಾನೆ. ಅಲ್ಲಿ ಅದರ ಅರ್ಥ ಅಗಲಿಕೆಯ ಅಳಲು.

ಕನ್ನಡದಲ್ಲಿ ಇದಕ್ಕೆ ಸಮಾನವಾದ ಪದ ‘ಆಸೆ’ ಅಲ್ಲ, ‘ಹಂಬಲ’ ಎಂಬುದು ನನ್ನ ಅಭಿಪ್ರಾಯ. ಅಂಗಡಿಯ ಗಾಜಿನ ಹಿಂದಿರುವ ಕೈಗಡಿಯಾರವನ್ನು ನೋಡಿ ನಾವು ಆಸೆಪಡುತ್ತೇವೆ, ಹಂಬಲಿಸುವುದಿಲ್ಲ. ದೂರದ ಊರಿನಲ್ಲಿರುವ ಮಗನಿಗಾಗಿ ತಾಯಿ ಹಂಬಲಿಸುತ್ತಾಳೆ. ಇನ್ನು ‘ಬಯಕೆ’ಯ ಕತೆಯೇ ಬೇರೆ. ಬಸುರಿ ಹೆಣ್ಣು ಹುಳಿ ಬೇಕು, ಹಸಿ ಮಾವು ಬೇಕು ಎಂದರೆ ಅದನ್ನು ಬಯಕೆ ಎಂದು ಕರೆದು, ಇಡೀ ಮನೆಯೇ ಓಡಾಡಿ ತಂದುಕೊಡುತ್ತದೆ. ಆ ಬಯಕೆಯನ್ನು ಪಾಪವೆಂದ ಅಜ್ಜಿಯನ್ನು ನಾನು ಈವರೆಗೆ ಕಂಡಿಲ್ಲ.

ತೀವ್ರ ಇಚ್ಛೆಗೆ ಇಂಗ್ಲಿಷಿನಲ್ಲಿರುವ ಇತರ ಲ್ಯಾಟಿನ್ ಮೂಲದ ಪದಗಳನ್ನು ಇಲ್ಲಿ ವಿಸ್ತರಿಸಲು ಅವಕಾಶವಿಲ್ಲ. ‘ಪ್ಯಾಶನ್’ ಎಂಬುದು ನೋವನುಭವಿಸು ಎಂಬರ್ಥದ ಕ್ರಿಯಾಪದದಿಂದ ಬಂದಿದೆ. ಆದುದರಿಂದಲೇ ಪ್ರಭುವಿನ ಯಾತನೆಗೂ ಅದೇ ಹೆಸರು. ‘ಆರ್ಡೆಂಟ್’ ಉರಿಯುವುದರಿಂದ ಬಂದುದು. ಎಲ್ಲರೂ ಅಂಜುವ ‘ಲಸ್ಟ್’ ಎಂಬುದು ಲ್ಯಾಟಿನ್ನೇ ಅಲ್ಲ. ಅದು ಜರ್ಮಾನಿಕ್ ಮೂಲದ್ದು, ಇಂದಿಗೂ ಜರ್ಮನ್ ಭಾಷೆಯಲ್ಲಿ ಸುಮ್ಮನೆ ಸಂತೋಷ, ಮನಸ್ಸು ಎಂಬ ಅರ್ಥದಲ್ಲಿ ಬಳಕೆಯಾಗುತ್ತದೆ. ನಮಗೆ ಮುಖ್ಯವಾದುದು ಮತ್ತೊಂದು ಪದ, ದೇವಶಾಸ್ತ್ರದಲ್ಲಿ ‘ಡಿಸೈರ್’ನ ಎದುರಾಳಿಯೆಂದು ಹೆಸರಾದ ‘ಕಾನ್‌ಕ್ಯುಪಿಸೆನ್ಸ್’. ಲ್ಯಾಟಿನ್ನಿನ ‘ಕುಪೆರೆ’, ಅಂದರೆ ಬೇಕೆನ್ನು, ಎಂಬುದು ಅದರ ಬೇರು.

ದೆಸಿದೇರಿಯುಮ್ ಒಳ್ಳೆಯದು, ದೇವರ ಕಡೆಗಿನದು. ಕೊಂಕುಪಿಶೆಂತ್ಸಿಯ ಕೆಟ್ಟದ್ದು, ದೇಹದ ಕಡೆಗಿನದು ಎಂಬ ಅಚ್ಚುಕಟ್ಟಾದ ವಿಂಗಡಣೆಯನ್ನು ಧ್ಯಾನಕೂಟಗಳಲ್ಲಿ ಬೋಧಕರು ಮಾಡುವುದುಂಟು. ಕೇಳಲು ಇಂಪಾಗಿದೆ. ಆದರೆ ಲ್ಯಾಟಿನ್ ಬೈಬಲನ್ನು ತೆರೆದರೆ ಈ ವಿಂಗಡಣೆ ನಿಲ್ಲುವುದಿಲ್ಲ. ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿ, ನೆರೆಯವನ ಮನೆಯನ್ನು ಬಯಸಬಾರದೆಂಬಲ್ಲಿ ಸಂತ ಜೆರೋಮರು ಕೊಂಕುಪಿಶೆಂತ್ಸಿಯದ ಕ್ರಿಯಾಪದವನ್ನು ಬಳಸಿ, ಅವನ ಹೆಂಡತಿಯನ್ನು ಬಯಸಬಾರದೆಂಬಲ್ಲಿ ನಮ್ಮ ‘ದೆಸಿದೆರಾರೆ’ಯನ್ನೇ ಬಳಸಿದ್ದಾರೆ. ಇತ್ತ, ಪ್ರಭುವಿನ ಪ್ರಾಂಗಣಕ್ಕಾಗಿ ಆತ್ಮ ಕಾತರಿಸುವ 84ನೆಯ ಕೀರ್ತನೆಯಲ್ಲಿ ಇರುವುದು ‘ಕೊಂಕುಪಿಶೇರೆ’. ಜ್ಞಾನವನ್ನು ಬಯಸುವವನು ನಿತ್ಯರಾಜ್ಯವನ್ನು ಸೇರುತ್ತಾನೆ ಎಂದು ಸುಜ್ಞಾನ ಗ್ರಂಥ ಹೇಳುವಾಗ ಆ ಪುಣ್ಯದ ಬಯಕೆಗೂ ಕೊಂಕುಪಿಶೆಂತ್ಸಿಯ ಎಂದೇ ಹೆಸರು! ತೊರೆಗಾಗಿ ಬಾಯಾರಿದ ಜಿಂಕೆಯ 42ನೆಯ ಕೀರ್ತನೆಯಲ್ಲಿ ಮಾತ್ರ ನಾವು ನಿರೀಕ್ಷಿಸುವಂತೆ ‘ದೆಸಿದೆರಾರೆ’ ಇದೆ. ಕೆಡುಕು ಪದದಲ್ಲಿಲ್ಲ, ಬಯಕೆಯ ಬಿರುಸಿನಲ್ಲೂ ಇಲ್ಲ. ಯಾವುದನ್ನು, ಯಾರದ್ದನ್ನು, ಯಾರನ್ನು ಬದಿಗೊತ್ತಿ ಬಯಸುತ್ತೇವೆ ಎಂಬಲ್ಲಿ ಅದು ಅಡಗಿದೆ.

ಸಂತ ಥಾಮಸ್ ಅಕ್ವಿನಾಸರು ಎಂದಿನಂತೆ ಇಲ್ಲಿಯೂ ನಿಖರವಾಗಿದ್ದಾರೆ. ಕೊಂಕುಪಿಶೆಂತ್ಸಿಯ ಎಂಬುದು ದೇಹ ಮತ್ತು ಆತ್ಮಗಳು ಜತೆಗೂಡಿ ಬಯಸುವ ಇಂದ್ರಿಯಮೂಲದ ಬಯಕೆ. ದೆಸಿದೇರಿಯುಮ್ ಹಾಗಲ್ಲ, ಅದು ಇಂದ್ರಿಯಕ್ಕೂ ಬುದ್ಧಿಪೂರ್ವಕವಾದ ಸಂಕಲ್ಪಕ್ಕೂ ಸಲ್ಲುವಂಥದ್ದು ಎಂದು ಅವರು ‘ಸುಮ್ಮಾ’ ಗ್ರಂಥದಲ್ಲಿ ಬೇರ್ಪಡಿಸುತ್ತಾರೆ. ಒಂದನ್ನು ಪಾಪವೆಂದೂ ಇನ್ನೊಂದನ್ನು ಪುಣ್ಯವೆಂದೂ ಅವರು ಮುದ್ರೆಯೊತ್ತುವುದಿಲ್ಲ. 1546ರ ಜೂನ್ ತಿಂಗಳಲ್ಲಿ ತ್ರೆಂತ್ ಮಹಾಸಭೆಯು, ದೀಕ್ಷಾಸ್ನಾನ ಪಡೆದವರಲ್ಲಿಯೂ ಉಳಿಯುವ ದುರಾಸೆಯ ಸೆಳೆತವು ಪಾಪದಿಂದ ಹುಟ್ಟಿ ಪಾಪದತ್ತ ವಾಲಿಸುವಂಥದ್ದಾದರೂ, ಅದಕ್ಕೆ ಸಮ್ಮತಿ ಕೊಡದೆ ಹೋರಾಡುವವನಲ್ಲಿ ಅದು ನಿಜಾರ್ಥದಲ್ಲಿ ಪಾಪವಲ್ಲ ಎಂದು ಘೋಷಿಸಿತು. ಮನಸ್ಸಿನಲ್ಲಿ ಸುಳಿದ ಪ್ರತಿಯೊಂದು ಸೆಳೆತಕ್ಕೂ ಬೆಚ್ಚಿಬೀಳುವ ಹರೆಯದ ಮಕ್ಕಳಿಗೆ ಈ ವಿಷಯವನ್ನು ಬಿಡಿಸಿ ಹೇಳುವ ತಂದೆತಾಯಿಯರು ಹೆಚ್ಚಾದರೆ ಒಳ್ಳೆಯದು. ಹೇಳದಿದ್ದರೆ ಅವರು ಒಂದೋ ಭಯದಲ್ಲಿ ಬಾಡುತ್ತಾರೆ, ಇಲ್ಲವೇ ಎಲ್ಲವೂ ಪಾಪವೇ ಆದ ಮೇಲೆ ಯಾವುದೂ ಪಾಪವಲ್ಲ ಎಂದು ನಿರ್ಧರಿಸಿಬಿಡುತ್ತಾರೆ.

ಈ ಗೊಂದಲದಿಂದ ಹೆಚ್ಚು ನೊಂದವರು ಹರೆಯದವರಲ್ಲ, ಮುಪ್ಪಿನವರು. ಗಂಡನನ್ನು ಕಳೆದುಕೊಂಡು ಐದಾರು ವರ್ಷಗಳು ಕಳೆದರೂ ಸಂಜೆಯಾದೊಡನೆ ಬಾಗಿಲ ಕಡೆ ಕಣ್ಣು ಹೋಗುತ್ತದೆ, ಇದು ದೇವರ ಚಿತ್ತವನ್ನು ಒಪ್ಪಿಕೊಳ್ಳದ ಪಾಪವಲ್ಲವೇ ಎಂದು ಕೇಳುವ ಹೆಣ್ಣುಮಕ್ಕಳು ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಇದ್ದಾರೆ. ಅವರನ್ನು ಸುತ್ತಲಿನವರು ಅಳಬೇಡ, ವಿಶ್ವಾಸವಿಡು ಎಂದು ಗದರಿಸುತ್ತಾರೆ. ವಿಶ್ವಾಸಕ್ಕೂ ಅಳುವಿಗೂ ಹಗೆತನವಿದೆಯೆಂದು ಇವರಿಗೆ ಕಲಿಸಿದವರಾರೋ! ಲಾಜರನ ಸಮಾಧಿಯ ಬಳಿ ಪ್ರಭುವೇ ಕಣ್ಣೀರು ಸುರಿಸಲಿಲ್ಲವೇ? ಸಂತ ಅಗುಸ್ತೀನರ ತಾಯಿ ಮೋನಿಕಮ್ಮನವರು 387ರಲ್ಲಿ ಓಸ್ತಿಯ ಬಂದರಿನಲ್ಲಿ, ತಮ್ಮ 56ನೆಯ ವರ್ಷದಲ್ಲಿ ಕಣ್ಮುಚ್ಚಿದರು. 33ನೆಯ ವರ್ಷದಲ್ಲಿದ್ದ ಮಗ ಆಗ ಇದೇ ತಪ್ಪು ಭಾವನೆಗೆ ಕಟ್ಟುಬಿದ್ದು ಕಣ್ಣೀರನ್ನು ಬಲವಂತವಾಗಿ ತಡೆಹಿಡಿದರು. ಅಂತ್ಯಕ್ರಿಯೆಯಲ್ಲೂ ಅಳಲಿಲ್ಲ. ಕೊನೆಗೆ ನಿದ್ರೆಯಿಂದೆದ್ದ ಮೇಲೆ ತಾಯಿಯ ನೆನಪು ಉಕ್ಕಿಬಂದು, ದೇವರ ಸನ್ನಿಧಿಯಲ್ಲಿ ಒಬ್ಬರೇ ಕುಳಿತು ಅತ್ತರು. ಅದನ್ನು ಪಾಪವೆನ್ನುವವರಿದ್ದರೆ ತನ್ನನ್ನು ನೋಡಿ ನಗದಿರಲಿ ಎಂದು ‘ನಿವೇದನೆಗಳು’ ಎಂಬ ತಮ್ಮ ಗ್ರಂಥದ ಒಂಬತ್ತನೆಯ ಭಾಗದಲ್ಲಿ ಓದುಗರನ್ನು ಬೇಡಿಕೊಂಡಿದ್ದಾರೆ.

ಅದೇ ಅಗುಸ್ತೀನರು ಸುಮಾರು ಇಪ್ಪತ್ತು ವರ್ಷಗಳ ತರುವಾಯ, ಹಿಪ್ಪೋ ಪಟ್ಟಣದ ಧರ್ಮಾಧ್ಯಕ್ಷರಾಗಿ, ಸಂತ ಯೊವಾನ್ನನ ಮೊದಲನೆಯ ಪತ್ರದ ಕುರಿತು ಜನರಿಗೆ ಪ್ರವಚನ ನೀಡುತ್ತಾ ಹಂಬಲಕ್ಕೆ ಒಂದು ಚೀಲದ ಉಪಮೆಯನ್ನು ಕೊಟ್ಟರು. ತುಂಬಬೇಕಾದ ವಸ್ತು ದೊಡ್ಡದು, ಚೀಲ ಚಿಕ್ಕದು. ಆದುದರಿಂದ ಮೊದಲು ಚೀಲವನ್ನು ಎಳೆದು ಹಿಗ್ಗಿಸಬೇಕು. ದೇವರು ತಮ್ಮನ್ನು ಕೊಡಲು ತಡಮಾಡಿ ನಮ್ಮ ಹಂಬಲವನ್ನು ಹಿಗ್ಗಿಸುತ್ತಾರೆ. ಒಳ್ಳೆಯ ಕ್ರೈಸ್ತನ ಇಡೀ ಬಾಳೇ ಒಂದು ಪವಿತ್ರ ಹಂಬಲ ಎಂಬುದು ಅವರ ತಾತ್ಪರ್ಯ. ಎರಡು ಶತಮಾನಗಳ ಬಳಿಕ ಜಗದ್ಗುರು ಮಹಾ ಗ್ರೆಗೊರಿಯವರು ಮಗ್ದಲದ ಮರಿಯಳನ್ನು ಕುರಿತು ಮಾಡಿದ ಪ್ರವಚನದಲ್ಲೂ ಇದೇ ಧ್ವನಿಯಿದೆ. ಶಿಷ್ಯರು ಖಾಲಿ ಸಮಾಧಿಯನ್ನು ನೋಡಿ ಮನೆಗೆ ಹೋದರು, ಆಕೆ ಮಾತ್ರ ಅಲ್ಲೇ ನಿಂತಳು. ತಡವಾದಷ್ಟೂ ಪವಿತ್ರ ಹಂಬಲ ಬೆಳೆಯುತ್ತದೆ, ತಡವಾದೊಡನೆ ಸೊರಗುವುದಾದರೆ ಅದು ಹಂಬಲವೇ ಆಗಿರಲಿಲ್ಲ ಎಂದು ಅವರು ಬೋಧಿಸಿದರು. ಸ್ತೋಯಿಕರು ರೋಗವೆಂದು ಪಟ್ಟಿಮಾಡಿದುದನ್ನು ಧರ್ಮಸಭೆಯ ಪಿತಾಮಹರು ಪ್ರಾರ್ಥನೆಯ ಸ್ಥಾನಕ್ಕೇರಿಸಿದರು ಎನ್ನಬಹುದು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಂಬಲಕ್ಕೆ ಸಂಸ್ಕಾರದ ಫಲವನ್ನೇ ಕೊಡಬಲ್ಲ ಬಲವಿದೆಯೆಂದು ಧರ್ಮಸಭೆ ಹೇಳಿದೆ. 392ರ ಮೇ 15ರಂದು ಗಾಲ್ ದೇಶದ ವಿಯೆನ್ ನಗರದಲ್ಲಿ ಸುಮಾರು 21 ವರ್ಷದ ಸಾಮ್ರಾಟ ಎರಡನೆಯ ವಲೆಂತಿನಿಯನನು ಸಂಶಯಾಸ್ಪದ ರೀತಿಯಲ್ಲಿ ಸತ್ತನು. ದೀಕ್ಷಾಸ್ನಾನ ಪಡೆಯಲು ಅವನು ಮಿಲಾನಿನ ಧರ್ಮಾಧ್ಯಕ್ಷ ಸಂತ ಅಂಬ್ರೋಸರಿಗೆ ಕರೆ ಕಳುಹಿಸಿದ್ದ. ಅವರು ಹೊರಟೂ ಇದ್ದರು. ದಾರಿಯಲ್ಲಿ ಸಾವಿನ ಸುದ್ದಿ ಮುಟ್ಟಿತು. ದೇಹವನ್ನು ಮಿಲಾನಿಗೆ ತಂದಾಗ ಅವನ ಸೋದರಿಯರ ಸಂಕಟಕ್ಕೆ ಮಿತಿಯಿರಲಿಲ್ಲ. ಸೋದರ ದೀಕ್ಷಾಸ್ನಾನವಿಲ್ಲದೆ ಹೋದನಲ್ಲಾ ಎಂಬುದೇ ಅವರ ಕೊರಗು. ಅಂಬ್ರೋಸರು ಶೋಕಪ್ರವಚನದಲ್ಲಿ ಅವರ ಈ ಕೊರಗನ್ನು ನೇರವಾಗಿ ಎತ್ತಿಕೊಂಡು, ಅವನು ಬಯಸಿದ್ದ, ಬೇಡಿದ್ದ. ನಮ್ಮ ಕೈಯಲ್ಲಿರುವುದು ಅಷ್ಟೇ, ಬೇಡಿದುದನ್ನು ಅವನು ಪಡೆದಿದ್ದಾನೆ ಎಂಬ ಭಾವದ ಮಾತುಗಳಿಂದ ಸಂತೈಸಿದರು. ಅಕ್ವಿನಾಸರು ಎಂಟುನೂರಕ್ಕೂ ಹೆಚ್ಚು ವರ್ಷಗಳ ಅನಂತರ ಇದೇ ವಲೆಂತಿನಿಯನನನ್ನು ಉದಾಹರಿಸಿ, ದೀಕ್ಷಾಸ್ನಾನದ ‘ದೆಸಿದೇರಿಯುಮ್’ ಇದ್ದವನು ಅದನ್ನು ಪಡೆಯದೆ ಸತ್ತರೂ ರಕ್ಷಣೆ ಹೊಂದಬಲ್ಲನೆಂದು ಬರೆದರು. ಇಂಗ್ಲಿಷಿನಲ್ಲಿ ‘ಬ್ಯಾಪ್ಟಿಸಮ್ ಆಫ್ ಡಿಸೈರ್’ ಎಂದು ಕರೆಯುವುದು ಇದನ್ನೇ.

ಹಂಬಲಿಸಲು ಬಾರದ ಹಸುಗೂಸುಗಳ ಗತಿ ಏನು? ಹೆರಿಗೆಯ ಕೋಣೆಯಿಂದ ಬರಿಗೈಯಲ್ಲಿ ಮರಳಿದ ತಂದೆತಾಯಿಯರು ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದು ಕಡಿಮೆ, ಎದೆಯಲ್ಲಿಟ್ಟುಕೊಂಡು ನಡೆಯುತ್ತಾರೆ. 16ನೆಯ ಶತಮಾನದ ಕಾರ್ಡಿನಲ್ ಕಯೆತಾನರು, ಅಂತಹ ಕೂಸಿಗೆ ತಂದೆತಾಯಿಯರ ಹಂಬಲವೇ ಸಾಲದೇ ಎಂದು ತಮ್ಮ ವ್ಯಾಖ್ಯಾನದಲ್ಲಿ ಸೂಚಿಸಿದ್ದರು. ಐದನೆಯ ಪಿಯುಸ್ ಜಗದ್ಗುರುಗಳ ಅಪ್ಪಣೆಯಂತೆ ಆ ಭಾಗವನ್ನು ಗ್ರಂಥದಿಂದ ತೆಗೆದುಹಾಕಲಾಯಿತು. ಅದು ಧರ್ಮಸಭೆಯ ಬೋಧನೆಯಾಗಲಿಲ್ಲ. ಆದರೆ 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ಅಂತಹ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸಿ, ಅವರಿಗೂ ರಕ್ಷಣೆಯ ಹಾದಿಯಿದೆ ಎಂದು ಭರವಸೆಯಿಡಲು ಕಲಿಸುತ್ತದೆ. 2007ರಲ್ಲಿ ಅಂತರರಾಷ್ಟ್ರೀಯ ದೇವಶಾಸ್ತ್ರ ಆಯೋಗವು ಇದನ್ನೇ ಕುರಿತು ಒಂದು ದೀರ್ಘ ದಾಖಲೆಯನ್ನು ಪ್ರಕಟಿಸಿ, ಆ ಭರವಸೆಗೆ ಗಂಭೀರವಾದ ಆಧಾರಗಳಿವೆಯೆಂದು ತೋರಿಸಿಕೊಟ್ಟಿತು. ಕೂಸಿಗೆ ಇಡಲೆಂದು ಹೆಸರೊಂದನ್ನು ಆರಿಸಿ ಕಾದಿದ್ದ ಮನೆಯವರು ಆ ಹೆಸರನ್ನು ಇಂದಿಗೂ ಪ್ರಾರ್ಥನೆಯಲ್ಲಿ ಉಚ್ಚರಿಸಬಹುದು, ಅಂಜಬೇಕಾಗಿಲ್ಲ.

2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿಕೊಂಡಾಗ ನಮಗೆಲ್ಲ ದೆಸಿದೇರಿಯುಮ್ ಎಂದರೇನೆಂಬುದು ಪದಕೋಶವಿಲ್ಲದೆಯೇ ಅರ್ಥವಾಯಿತು. ಆ ವರ್ಷ ಪವಿತ್ರ ಗುರುವಾರ ಏಪ್ರಿಲ್ 9ಕ್ಕೆ ಬಿದ್ದಿತ್ತು. ಗುರುಗಳು ಖಾಲಿ ಬೆಂಚುಗಳ ಮುಂದೆ ಬಲಿಪೂಜೆ ಅರ್ಪಿಸಿದರು. ಜನರು ಮನೆಯ ಪೀಠದ ಮುಂದೆ, ಮೊಬೈಲ್ ಫೋನಿನ ಪರದೆಯ ಮುಂದೆ ಮೊಣಕಾಲೂರಿದರು. ಪರಮಪ್ರಸಾದವನ್ನು ಹಂಬಲದ ಮೂಲಕ ಸ್ವೀಕರಿಸುವ ಕ್ರಮವನ್ನು ತ್ರೆಂತ್ ಮಹಾಸಭೆ 1551ರಲ್ಲೇ ಉಲ್ಲೇಖಿಸಿದೆ. ಸಂತ ಅಲ್ಫೋನ್ಸ್ ಲಿಗೋರಿಯವರು 18ನೆಯ ಶತಮಾನದಲ್ಲಿ ಅದಕ್ಕೆಂದೇ ಪ್ರಾರ್ಥನೆಯನ್ನು ರಚಿಸಿದ್ದಾರೆ. ಹಳೆಯ ಪ್ರಾರ್ಥನಾ ಪುಸ್ತಕಗಳ ಮೂಲೆಯಲ್ಲಿ ಧೂಳು ಹಿಡಿದಿದ್ದ ಆ ಪ್ರಾರ್ಥನೆ ಆ ತಿಂಗಳುಗಳಲ್ಲಿ ಲೋಕದಾದ್ಯಂತ ಮರಳಿ ಕೇಳಿಬಂತು. ಬಾಗಿಲುಗಳು ತೆರೆದ ಬಳಿಕ ಕೆಲವರು ಪರದೆಯ ಮುಂದೆಯೇ ಉಳಿದುಬಿಟ್ಟರು. ಅವರ ಹಂಬಲದ ಬಗ್ಗೆ ಗ್ರೆಗೊರಿಯವರು ಏನು ಹೇಳಿಯಾರೆಂಬುದನ್ನು ಓದುಗರೇ ಊಹಿಸಿಕೊಳ್ಳಲಿ.

ಇಷ್ಟು ಹೊತ್ತು ಮನುಷ್ಯನ ಹಂಬಲದ ಮಾತಾಯಿತು. ಶುಭಸಂದೇಶದಲ್ಲಿ ಈ ಪದ ಅತ್ಯಂತ ಗಾಢವಾಗಿ ಬರುವುದು ಪ್ರಭು ಯೇಸುವಿನ ಬಾಯಲ್ಲಿ. ಲೂಕನ 22ನೆಯ ಅಧ್ಯಾಯದ 15ನೆಯ ವಚನ. ಕಡೆಯ ಭೋಜನಕ್ಕೆ ಕುಳಿತಾಗ, ಯಾತನೆಗೆ ಮುನ್ನ ಈ ಪಾಸ್ಕವನ್ನು ನಿಮ್ಮೊಡನೆ ಉಣ್ಣಬೇಕೆಂದು ತಾವು ಎಷ್ಟು ಹಂಬಲಿಸಿದ್ದೆವು ಎಂದು ಶಿಷ್ಯರಿಗೆ ತಿಳಿಸುವ ಸಂದರ್ಭ. ಲೂಕನು ಅಲ್ಲಿ ಬಳಸಿರುವ ಗ್ರೀಕ್ ಕ್ರಿಯಾಪದವೂ, ಹತ್ತು ಕಟ್ಟಳೆಗಳ ಪುರಾತನ ಗ್ರೀಕ್ ಅನುವಾದದಲ್ಲಿ ಬಯಸಬಾರದೆಂಬಲ್ಲಿರುವ ಕ್ರಿಯಾಪದವೂ ಒಂದೇ ಎಂಬುದನ್ನು ಗಮನಿಸಬೇಕು. ನೆರೆಯವನದ್ದನ್ನು ಕಸಿಯುವ ಬಯಕೆಗೂ ತನ್ನನ್ನೇ ಕೊಟ್ಟುಬಿಡುವ ಬಯಕೆಗೂ ಒಂದೇ ಪದ. ಜಗದ್ಗುರು ಪೋಪ್ ಫ್ರಾನ್ಸಿಸರು 2022ರ ಜೂನ್ 29ರಂದು ಆರಾಧನಾವಿಧಿಯ ಕುರಿತು ಬರೆದ ಪ್ರೇಷಿತ ಪತ್ರಕ್ಕೆ ಈ ವಚನದ ಲ್ಯಾಟಿನ್ ರೂಪವನ್ನೇ, ‘ದೆಸಿದೇರಿಯೊ ದೆಸಿದೆರಾವಿ’ ಎಂದು, ಹೆಸರಾಗಿಟ್ಟರು. ನಾವು ಬಲಿಪೂಜೆಗೆ ಬರಲು ಮನಸ್ಸು ಮಾಡುವ ಮೊದಲೇ ನಮಗಾಗಿ ಅವರ ಹಂಬಲವಿದೆ ಎಂಬುದು ಆ ಪತ್ರದ ಮೊದಲ ಪುಟಗಳ ಸಾರ.

ಹೆಸರಿನಲ್ಲಿ ಒಂದೇ ಪದ ಎರಡು ಸಲ ಬಂದಿರುವುದಕ್ಕೆ ಕಾರಣವಿದೆ. ಭಾವ ಗಾಢವಾದಾಗ ಕ್ರಿಯಾಪದವನ್ನು ಇಮ್ಮಡಿಸುವುದು ಹೀಬ್ರೂ ಭಾಷೆಯ ಪದ್ಧತಿ. ಲೂಕನು ಆ ಪದ್ಧತಿಯನ್ನು ಗ್ರೀಕಿಗೆ ತಂದ, ಲ್ಯಾಟಿನ್ ಅನುವಾದಕರು ಹಾಗೆಯೇ ಉಳಿಸಿಕೊಂಡರು. 1582ರಲ್ಲಿ ರೀಮ್ಸ್ ನಗರದಲ್ಲಿ ಅಚ್ಚಾದ ಕಥೋಲಿಕರ ಇಂಗ್ಲಿಷ್ ಹೊಸ ಒಡಂಬಡಿಕೆಯೂ ‘ಡಿಸೈರ್’ ಎಂಬುದನ್ನು ಅಲ್ಲಿ ಎರಡು ಬಾರಿ ಹೇಳಿತು. ಆದರೆ ಇಂಗ್ಲಿಷಿನ ಕಿವಿಗೆ ಆ ಇಮ್ಮಡಿ ಒಗ್ಗಲಿಲ್ಲ. ಈಚಿನ ಅನುವಾದಗಳು ಅದನ್ನು ಬಿಟ್ಟು, ಬಹಳ, ಅತ್ಯಾಸಕ್ತಿಯಿಂದ ಎಂಬಂತಹ ವಿಶೇಷಣಗಳನ್ನು ಅಂಟಿಸಿಕೊಂಡಿವೆ. ಕನ್ನಡಕ್ಕೆ ಈ ತೊಡಕೇ ಇಲ್ಲ. ಕಾದು ಕಾದು, ಹುಡುಕಿ ಹುಡುಕಿ, ಹಂಬಲಿಸಿ ಹಂಬಲಿಸಿ ಎಂದು ನಮ್ಮ ತಾಯಂದಿರು ಅಂದಿನಿಂದಲೂ ಹೇಳುತ್ತಲೇ ಬಂದಿದ್ದಾರೆ.